ಮರಗದಂಗೆ ಯಾವಾಗ ಮದ್ವೆ?

ಸೋಮನೂರು
11-2-2024

ಧರಣಿ ಕಣ್ಣು,

ಈ ಸಲಾನೂ ಮರಗದಂಗೆ ಏನೂ ಇಲ್ಲ! ಬುಕ್ಕು ಓದಿ ಮುಗ್ಸಿದೆ, ಹಿಂದ್ಲಿಂದ ತಿರುಗ್ಸಿ ನೋಡ್ದೆ, ಅಟ್ಟೆ ಒಳ್ಗೆ ಏನಾರ ಬಚ್ಚಿಟ್ಟವ್ರಾ ಅಂತಾನೂ ಉಗುರು ಹಾಕಿ ನೋಡ್ದೆ. ಇಲ್ಲ. ಪೋಸ್ಟಾಫೀಸ್ ಹುಡುಗಿಗೂ ದನದ ಡಾಕ್ಟ್ರಿಗೂ ಮದ್ವೆ. ನಮ್ಮ ಹೂ ಮಾರೋ ಮರಗದಂ ಮಾಮೂಲಿ ಹಂಗೆ ಕೋವಿಲ್ ಬಾಗ್ಲಲ್ಲಿ ಕೂತು ಮದ್ವೆ ಹೆಣ್ಣಿಗೆ ಮಲ್ಲಿಗೆ ಕಟ್ಟಿಕೊಟ್ಲು, ನಕ್ಕಂಡು ಸೆರಗಲ್ಲಿ ಕೈ ಒರೆಸ್ಕೊಂಡ್ಲು. ಮುಗೀತು ಕಥೆ.

ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪ ಬಸ್‌ಸ್ಟ್ಯಾಂಡ್ ಪೆಟ್ಟಿಗೆ ಅಂಗ್ಡಿಯಿಂದ ಈ ಸಾಮಂದಿಪುರಂ ಸೀರೀಸ್‌ದು ಮೊದಲ್ನೇ ಬುಕ್ಕು ತಂದ್ರಲ್ಲ, ಅದ್ರಲ್ಲೂ ಅವ್ಳು ಹೂವೇ ಕಟ್ತಿದ್ಲು. ನೀನು ಹುಟ್ಟಿದೆ, ಓದಿದೆ, ಕಾಂಗೇಯಂಗೆ ಮದ್ವೆ ಆಗಿ ಹೋದೆ. ಬುಕ್ಕಿನ ಆ ಸಾಮಂದಿಪುರಂ ಊರಲ್ಲಿ ಟೀ ಅಂಗ್ಡಿ ಒಂಟಿಕಿವಿ ಮಾಸ್ಟ್ರಿಗೂ ಒಂದು ಬುಕ್ಕು ಬಂತು, ಜೋಡೀನೂ ಸಿಕ್ತು. ಗಂಡ ಸತ್ತೋಳು ಅಂತ ಮರಗದಂಗೆ ಮಾತ್ರ ಇಲ್ಲ. ಊರಿಗೆಲ್ಲ ಹೂ ಕೊಟ್ಟೋಳ ತಲೇಲಿ ಒಂದು ಹೂವಿಲ್ಲ.

ನಮ್ಮ ಮಗ್ಗದ ಶೆಡ್ಡಲ್ಲಿ ಎಲ್ರಿಗೂ ಕೋಪ. ತಿಂಗ್ಳಿಗೊಂದಿನ ಕರೆಂಟ್ ಶಟ್‌ಡೌನ್ ಮಾಡ್ತಾರಲ್ಲ, ಅವತ್ತು ಮಗ್ಗ ಎಲ್ಲ ಬಾಯಿ ಮುಚ್ಕೊಂಡಿರ್ತವೆ, ನಾನು ಬಾಯಿ ತೆಗೀತೀನಿ. ಗಟ್ಟಿಯಾಗಿ ಓದ್ತೀನಿ, ಎಲ್ರೂ ನೂಲು ಬಿಡಿಸ್ಕೊಂಡು ಕೇಳ್ತಾರೆ. ಈ ಸಲ ಓದಿ ಮುಗಿಸ್ದಾಗ ಮೂಲೇಲಿ ಮಗ್ಗದ ಕೆಳಗೆ ಮಲಗಿ ನಟ್ಟು ಬಿಗೀತಿದ್ದ ಫಿಟ್ಟರ್ ಸೆಲ್ಲಪ್ಪನ್, ಕಾಲು ಮಾತ್ರ ಆಚೆ ಕಾಣ್ತಿತ್ತು, ಅಲ್ಲಿಂದ್ಲೇ ಕೇಳಿದ್ರು: “ಏನುಂಗ, ಆ ಹೂವಮ್ಮಂಗೆ ಯಾವಾಗಂಗ ಮದ್ವೆ?”

ಎಲ್ರೂ ಬಿದ್ದು ಬಿದ್ದು ನಕ್ರು. ಆ ಕಡೆ ಮಗ್ಗದ ತಮಿಳ್‌ಸೆಲ್ವಿ ಅಂದ್ಲು, “ಕಾಲು ಕೇಳ್ತೈತೆ ನೋಡಕ್ಕಾ, ಬಾಯಿ ಕೇಳಿದ್ರೆ ಹೇಳೋಣ.” ಆವಯ್ಯ ಈಚೆ ಬರ್ಲೇ ಇಲ್ಲ.

ಬುಕ್ಕೂ ಮುರುಕೂ ಕಂಡಕ್ಟರ್ ಸರವಣಕುಮಾರ್ ಕೈಲಿ ಕೊಟ್ಟಿದೀನಿ. ಮುರುಕು ಕಮ್ಮಿ ಇದ್ರೆ ಅವ್ನ ಕೇಳು. ಫೋನ್ ಯಾಕೆ ಮಾಡಲ್ಲ ಅಂದ್ರೆ, ನಾನು ಹಲೋ ಅಂದ ತಕ್ಷಣ ಸ್ಪೀಕರಲ್ಲಿ ಹಾಕ್ತೀರ, ನಿನ್ ಗಂಡ ಧನಪಾಲಿಂದ ಎಣ್ಣೆ ಮಿಲ್ಲಿನ ಮೆಷೀನ್‌ವರ್ಗೂ ಎಲ್ಲಾ ಕೇಳ್ತವೆ. ಕಾಗದ ಆದ್ರೆ ನಮ್ಮಿಬ್ರದ್ದೇ. ನಮ್ಮ ಕನ್ನಡ ಮಾತು, ತಮಿಳು ಅಕ್ಷರ. ಕನ್ನಡ ಅಕ್ಷರ ನಂಗೆ ಯಾರು ಹೇಳ್ಕೊಟ್ರು, ನಿಂಗೆ ಯಾರು ಹೇಳ್ಕೊಟ್ರು!

ಒಂದು ಕೇಳೋದಿತ್ತು. ಹೋದ ಬುಕ್ಕು ವಾಪಸ್ ಬಂತಲ್ಲ, ಪುಟ ಪುಟಕ್ಕೂ ಕೊಬ್ರಿಎಣ್ಣೆ ಹೆಬ್ಬೆಟ್ಟು. ನೀನೋ ತಲೆಗೆ ಎಣ್ಣೆ ಮುಟ್ಸದ ಶಾಂಪೂ ರಾಣಿ. ಯಾರ ಹೆಬ್ಬೆಟ್ಟು ಅದು?

ಮುರುಕು ಮಾಡಿದ ಕೈಯಿಂದ್ಲೇ ಬರ್ದ
ಅಮ್ಮ


ಕಾಂಗೇಯಂ
3-3-2024

ಅಮ್ಮ,

ಮುರುಕು ಬಂತು. ಬುಕ್ ಬಂತು. ಹೆಬ್ಬೆಟ್ಟು ಯಾರದೋ ನಂಗೊತ್ತಿಲ್ಲ, ಎಣ್ಣೆ ಮಿಲ್ಲಿನ ಮನೇಲಿ ಬೆಕ್ಕಿನ ಮೈಮೇಲೂ ಎಣ್ಣೆ ಇರ್ತದೆ.

ಸುಬ್ಬಯ್ಯನ್ ದೊಡ್ಡಪ್ಪ ನನ್ನ ಗಂಡಂಗೆ ಫೋನ್ ಮಾಡಿದ್ರು. ನೀನು ಯಾರೋ ಫಿಟ್ಟರ್ ಬೈಕಲ್ಲಿ ಹಿಂದೆ ಕೂತು ಹೋಗ್ತಿದ್ಯಂತೆ. ಇವರು ಊಟ ಅರ್ಧಕ್ಕೆ ಬಿಟ್ಟು ಎದ್ರು. ಸುಳ್ಳು ಅಂತ ಹೇಳ್ಬಿಡು, ನಾನೂ ಹಂಗೇ ಹೇಳ್ತೀನಿ.

ಎಲ್ಲಾ ಆ ಬುಕ್ಕಿಂದ ಅಂತಾರೆ ದೊಡ್ಡಪ್ಪ. ನಂಗೂ ಹಂಗೇ ಅನ್ಸುತ್ತೆ ಅಮ್ಮ. ಚಿಕ್ಕವಳಿದ್ದಾಗ ನಾನೂ ಓದಿದೀನಿ. ಎಲ್ಲಾದ್ರಲ್ಲೂ ಒಂದೇ ಕಥೆ. ಯಾರೋ ಊರಿಗೆ ಬರ್ತಾರೆ, ಜಗಳ ಆಡ್ತಾರೆ, ಮಳೇಲಿ ನೆನೀತಾರೆ, ಮದ್ವೆ ಆಗ್ತಾರೆ. ಇಷ್ಟು ವರ್ಷ ಓದಿ ನಿಂಗೆ ಬೇಜಾರಾಗ್ಲಿಲ್ವಾ?

ಧರಣಿ


ಸೋಮನೂರು
10-3-2024

ಧರಣಿ ಕಣ್ಣು,

ಒಂದೇ ಕಥೆ ಅಂತ ಬರ್ದಿದೀಯ. ಹೌದು, ಒಂದೇ ಕಥೆ. ಯಾರು ಇಲ್ಲ ಅಂದ್ರು? ನಾನು ಬೆಳಗಿಂದ ಸಂಜೆವರ್ಗೂ ಒಂದೇ ಬಿಳಿ ಬಟ್ಟೆ ನೇಯೋಳು ಕಣೇ. ಗಜ ಗಜವೂ ಒಂದೇ ಥರ ಬಂದ್ರೆ ಒಳ್ಳೆ ಬಟ್ಟೆ ಅಂತಾರೆ, ಎಲ್ಲಾರ ಬೇರೆ ಥರ ಬಂತೋ, ಡ್ಯಾಮೇಜ್ ಅಂತ ಮೂಲೇಗೆ ಎಸೀತಾರೆ. ನಿಂಗೆ ಬೇರೆ ಬೇರೆ ಕಥೆ ಬೇಕಾ? ನಮ್ಮ ಬೀದೀಲಿ ಮನೆಗೊಂದು ಐತೆ. ಯಾವುದ್ರದ್ದೂ ಕೊನೆ ಚೆನ್ನಾಗಿಲ್ಲ.

ಸಾಮಂದಿಪುರಂನಲ್ಲಿ ಮಾತ್ರ ನಂಗೆ ಗೊತ್ತು, ಕೊನೇ ಪುಟದಲ್ಲಿ ಊರೆಲ್ಲ ಊಟಕ್ಕೆ ಕೂತಿರ್ತದೆ. ಅದು ಗೊತ್ತಿದ್ರೆ ನಡುವೆ ಎಷ್ಟು ಅತ್ರೂ ಹೆದ್ರಿಕೆ ಇಲ್ಲ. ಧೈರ್ಯವಾಗಿ ಅಳ್ತೀನಿ. ಅಳೋಕೂ ಧೈರ್ಯ ಬೇಕಲ್ಲ.

ಇನ್ನೊಂದು ಐತೆ. ಬೇರೆ ಕಥೇಲಿ ಮದ್ವೆ ಆದೋರು ಆಮೇಲೆ ಎಲ್ಲಿಗೆ ಹೋದ್ರೋ ಗೊತ್ತೇ ಆಗಲ್ಲ. ಇಲ್ಲಿ ಹಂಗಲ್ಲ. ತಮ್ಮ ಬುಕ್ಕು ಮುಗ್ದೋರು ಬೇರೆಯೋರ ಬುಕ್ಕಲ್ಲಿ ತರಕಾರಿ ಕೊಳ್ಳೋಕೆ ಬರ್ತಾರೆ. ಸ್ವಲ್ಪ ದಪ್ಪ ಆಗಿರ್ತಾರೆ, ಸೊಂಟದ ಮೇಲೆ ಮಗು, ಬೆಂಡೆಕಾಯಿ ಮುರ್ದು ನೋಡಿ ಜಗಳ ಆಡ್ತಾರೆ. ನಿಮ್ಮಪ್ಪ ಹೋದಾಗ ಬಂದೋರೆಲ್ಲ “ಪಾಪಾತಿ ಕಥೆ ಮುಗೀತು” ಅಂದ್ರು. ನಾನು ಅಳ್ತಾ ಅಳ್ತಾನೇ ಒಳಗೆ ಅಂದ್ಕೊಂಡೆ: ಕಥೆ ಮುಗ್ದೋರೂ ಸಂತೆಗೆ ಬರ್ತಾರಪ್ಪ, ನಾನೂ ಬರ್ತೀನಿ, ಬೆಂಡೆಕಾಯಿ ಮುರೀತೀನಿ.

ಇನ್ನ ಬೈಕಿನ ವಿಷ್ಯ. ಸುಳ್ಳು ಅಂತ ಹೇಳು ಅಂದ್ಯಲ್ಲ, ಹೇಳಲ್ಲ. ನಿಜ. ಕೂತ್ಕೊಂಡು ಹೋದೆ. ಗಟ್ಟಿಯಾಗಿ ಹಿಡ್ಕೊಂಡೂ ಕೂತಿದ್ದೆ, ಯಾಕಂದ್ರೆ ರೋಡು ಹಂಗೈತೆ.

ಹೆಂಗಾಯ್ತು ಅಂತ ಕೇಳು. ಇಷ್ಟು ವರ್ಷ ಎಲ್ರ ಥರ ನಾನೂ ಆವಯ್ಯನ್ನ ಸೆಲ್ಲಪ್ಪಣ್ಣ ಅಂತಿದ್ದೆ. ಹೋದ ತಿಂಗ್ಳು ಒಂದಿನ ನನ್ನ ಮಗ್ಗ ನಿಂತೋಯ್ತು. ಕೂಗ್ದೆ. “ಸೆಲ್ಲಪ್ಪಾ...” ಅಲ್ಲಿಗೇ ನಿಂತೋಯ್ತು ಕಣ್ಣು. ಅಣ್ಣ ಅನ್ನೋದು ಬಾಯಿಗೆ ಬರ್ಲಿಲ್ಲ. ಎಷ್ಟು ಎಳೆದ್ರೂ ಬರ್ಲಿಲ್ಲ. ನಮ್ಮ ಶೆಡ್ಡಲ್ಲಿ ಮಗ್ಗದ ಸದ್ದಿಗೆ ಯಾರಿಗೂ ಏನೂ ಕೇಳ್ಸಲ್ಲ, ಎಲ್ರೂ ತುಟಿ ನೋಡೇ ಮಾತು ತಿಳ್ಕೊಳ್ಳೋರು. ಅವತ್ತು ಎಲ್ರೂ ನನ್ನ ತುಟೀನೇ ನೋಡ್ತಾವ್ರೆ, ಇನ್ನೂ ಎರಡಕ್ಷರ ಬಾಕಿ ಐತೆ, ಬರಲ್ಲ. ಆವಯ್ಯನೂ ಸ್ಪ್ಯಾನರ್ ಹಿಡ್ಕೊಂಡು ಕಾಯ್ತಾ ನಿಂತವ್ರೆ. ಆಮೇಲೆ ನಿಧಾನಕ್ಕೆ ನಕ್ರು. ಅಷ್ಟೇ. ಮಳೆ ಇಲ್ಲ, ನೆನೀಲಿಲ್ಲ. ಮೈಯೆಲ್ಲ ಹತ್ತಿ ಧೂಳು.

ಮೊನ್ನೆ ಕೇಳಿದ್ರು. ಅರ್ಧ ನಮ್ಮ ಮಾತು, ಅರ್ಧ ತಮಿಳು: “ಪಾಪಾತಿ, ನಂಗೆ ಓದೋಕೆ ಬರಲ್ಲಂಗ. ತಿಂಗ್ಳಿಗೊಂದಿನ ಸಾಲಲ್ಲ. ದಿನಾ ಓದಿ ಹೇಳೋಕಾಗ್ತದಾ?” ಇಂಥ ಮಾತು ಸಾಮಂದಿಪುರಂನಲ್ಲೂ ಯಾರೂ ಆಡಿಲ್ಲ.

ಕಣ್ಣು, ಒಂದು ಮಾತು ಮಾತ್ರ ಮನಸ್ಸಲ್ಲಿ ಇಟ್ಕೋ. ನಿಮ್ಮಪ್ಪನ ಜೊತೆ ಇದ್ದಷ್ಟು ದಿನವೂ ಬಾಳು. ಅದ್ನ ಯಾರೂ ಅಳಿಸಲ್ಲ, ನಾನೂ ಅಳಿಸಲ್ಲ.

ಬೈಕಿಂದ ಇನ್ನೂ ಬೀಳದ
ಅಮ್ಮ


ಕಾಂಗೇಯಂ
2-4-2024

ಅಮ್ಮ,

“ನಿಮ್ಮಪ್ಪನ ಜೊತೆ ಇದ್ದಷ್ಟು ದಿನವೂ ಪಾಳು.” ಹಿಂಗೆ ಬರ್ದಿದೀಯ. ನಾನು ಮೂರು ಸಲ ಓದ್ದೆ.

ಅಷ್ಟೂ ದಿನ ಹಾಳಾಗಿ ಹೋಯ್ತು ಅನ್ನೋದಾದ್ರೆ ನಾನೂ ಆ ಹಾಳಲ್ಲೇ ಹುಟ್ಟಿದವಳು ತಾನೆ. ಅಪ್ಪ ನಿಂಗೆ ಏನು ಮಾಡಿದ್ರು? ನಿನ್ ಬುಕ್ಕು ತಂದುಕೊಟ್ಟಿದ್ದು ಬಿಟ್ರೆ?

ಇನ್ನು ಬುಕ್ ಕಳಿಸ್ಬೇಡ. ನಿಂಗೆ ಬೇಕಾದ್ದು ಮಾಡ್ಕೋ. ನಾನು ಬರಲ್ಲ.

ಧರಣಿ


ಸೋಮನೂರು
5-4-2024

ಏ ಧರಣಿ!

ಬಾಳು ಕಣೇ! ಬಾಳು! ಬಾಳಿ ಬದುಕೋ ಬಾಳು!

ತಮಿಳಲ್ಲಿ ಬ-ಗೂ ಪ-ಗೂ ಒಂದೇ ಅಕ್ಷರ ಅಲ್ವಾ, ನಾನು ಬ ಅಂತ ಬರ್ದ್ರೆ ನೀನು ಪ ಅಂತ ಓದಿದ್ರೆ ನಾನೇನು ಮಾಡ್ಲಿ, ಬಸ್ ಹಿಂದೆ ಓಡ್ಲಾ? ಹೋದ ವರ್ಷ ಆಡಿ ಮಾಸದಲ್ಲಿ “ಇಲ್ಲಿ ಗಾಳಿ ಜಾಸ್ತಿ” ಅಂತ ಬರ್ದಿದ್ದಕ್ಕೆ ನೀನು ಕಾಳಿ ಜಾಸ್ತಿ ಅಂತ ಓದಿ, ಯಾರ ಮೈಮೇಲೆ ಬಂದಳು ಅಂತ ಕೇಳ್ಲಿಲ್ವಾ? ಅವತ್ತು ನಕ್ಕಿದ್ದೆ. ಇವತ್ತು ಅದೇ ಅಕ್ಷರ, ನನ್ನ ಹೊಟ್ಟೆ ಉರಿಸ್ತು.

ತಮಿಳ್‌ಸೆಲ್ವಿ ಮಗಳ್ನ ಕೇಳ್ದೆ, ಅವ್ಳು ಟೀಚರ್. ಅವ್ಳು ಹೇಳಿದ್ಲು, ತಮಿಳಲ್ಲಿ ಎರಡು ಳ ಐತಂತೆ. ಹಾಳಾಯ್ತು ಅನ್ನೋ ಪಾಳುಗೆ ಕೆಳಗೆ ಬಾಲ ಇಳಿಬಿಟ್ಟಿರೋ ಳ, ‘ತಮಿಳು’ ಅಂತ ಬರೆಯೋವಾಗ ಹಾಕ್ತಾರಲ್ಲ ಅದು. ನಮ್ಮ ಬಾಳುಗೆ ಬಾಲ ಇಲ್ಲದ್ದು. ನಾನು ಬರ್ದಿರೋದು ಬಾಲ ಇಲ್ಲದ್ದೇ, ಬೇಕಾದ್ರೆ ತೆಗ್ದು ನೋಡು. ನೀನು ಅಂತೀಯ, ನಿಂಗೆ ಬರೋದೇ ಅದೊಂದು, ಅದ್ರಲ್ಲೇ ಎಲ್ಲಾ ಬರೀತೀಯ ಅಂತ. ನಿಜಾನೇ. ಐದನೇ ಕ್ಲಾಸಿಗೆ ಬಾಲದ ತಂಕ ಹೋಗಿರ್ಲಿಲ್ಲ ನಾನು.

ನಿಮ್ಮಪ್ಪ ನಂಗೆ ಏನು ಮಾಡಿದ್ರು ಅಂತ ಕೇಳಿದೀಯ. ಹೇಳ್ತೀನಿ ಕೇಳು. ಮದ್ವೆ ಆದಾಗ ನಂಗೆ ಕೂಡಿಸಿ ಓದೋಕೆ ಬರ್ತಿರ್ಲಿಲ್ಲ. ಒಂದೊಂದೇ ಅಕ್ಷರ, ಇರುವೆ ಥರ. ಆ ಮೊದಲ್ನೇ ಬುಕ್ಕು ತಂದು, “ನಂಗೆ ಕಣ್ಣು ಉರೀತದೆ, ನೀನೇ ಓದು ಪಾಪಾತಿ” ಅಂತ ಸುಳ್ಳು ಹೇಳಿ ದಿನಾ ಓದ್ಸಿದ್ರು. ತಪ್ಪು ಓದಿದ್ರೆ ತಿದ್ದಲಿಲ್ಲ. “ಓಹೋ, ಹಂಗಾ” ಅಂತ ತಪ್ಪಾಗೇ ಕೇಳ್ಕೊಂಡ್ರು. ಒಂದ್ಸಲ ನಾನು ಕಥೆ ನಾಯಕ ಮೀನು ಹಿಡಿಯೋಕೆ ಹೋದ ಅನ್ನೋದ್ನ ಮಾನ ಕಳ್ಕೊಂಡು ಹೋದ ಅಂತ ಓದಿ, ಇಬ್ರೂ ಎರಡು ದಿನ ಅವ್ನಿಗೋಸ್ಕರ ಬೇಜಾರು ಮಾಡ್ಕೊಂಡಿದ್ವಿ. ಅಂಥ ಗಂಡನ ಜೊತೆ ಇದ್ದಿದ್ನ ನಾನು ಪಾಳು ಅಂತೀನಾ? ನಾಲಿಗೆ ಬಿದ್ದೋಗಲ್ವಾ?

ಜಗಳ ಆಡು, ಬೇಡ ಅನ್ನಲ್ಲ. ನನ್ ಮಗ್ಳು, ಜಗಳಾನೂ ಚೆನ್ನಾಗೇ ಆಡ್ತೀಯ. ಆದ್ರೆ ನಾನು ಬರ್ದಿರೋದಕ್ಕೆ ಆಡು, ಬರೀದೇ ಇರೋದಕ್ಕೆ ಆಡ್ಬೇಡ. ಸೆಲ್ಲಪ್ಪನ್ ಬೇಡ ಅಂತೀಯಾ, ಅದಕ್ಕೆ ಆಡು. ನಾನೂ ಎದ್ರು ನಿಂತು ಆಡ್ತೀನಿ. ಬಿಡಲ್ಲ.

ಬುಕ್ಕು ಕಳಿಸ್ಬೇಡ ಅಂದಿದೀಯ. ಕಳ್ಸಿದೀನಿ. ಇದೇ ಬಸ್ಸಲ್ಲೇ ಬರ್ತೈತೆ. ನಿಂಗೆ ಬೇಡದಿದ್ರೆ ಆ ಎಣ್ಣೆ ಹೆಬ್ಬೆಟ್ಟಿಗೆ ಕೊಡು.

ಶೆಡ್ಡಿನೋರೆಲ್ಲ ಸೇರಿ ಬುಕ್ಕು ಅಚ್ಚು ಹಾಕೋರಿಗೆ ಒಂದು ಕಾರ್ಡು ಬರ್ದಿದೀವಿ. “ಮರಗದಂಗೆ ಯಾವಾಗ ಮದ್ವೆ? ಹೇಳ್ಲಿಲ್ಲ ಅಂದ್ರೆ ನಾವೇ ಬಂದು ಮಾಡಿಸ್ತೀವಿ.” ಕೆಳಗೆ ಎಲ್ರ ಸಹಿ. ಸೆಲ್ಲಪ್ಪನ್ ಸಹಿ ಬರಲ್ಲ ಅಂತ ಒಂದು ನಟ್ಟಿನ ಚಿತ್ರ ಬರ್ದ್ರು.

ಬಾಲ ಇಲ್ಲದ
ಅಮ್ಮ


ಸೋಮನೂರು
7-7-2024

ಧರಣಿ ಕಣ್ಣು,

ನಿನ್ನ ಕಾಗದ ಬರಲ್ಲ. ಬುಕ್ಕು ಮಾತ್ರ ತಪ್ಪದೆ ವಾಪಸ್ ಬರ್ತವೆ. ಈ ಸಲ ಒಂದು ತವರದ ಡಬ್ಬ ಕೊಬ್ರಿಎಣ್ಣೇನೂ ಜೊತೆಗೆ. ಮರಗದಂ ಬರೋ ಕಡೆಯೆಲ್ಲ ಪುಟದ ಮೂಲೆ ಮಡ್ಚಿ, ಅಲ್ಲೇ ಹೆಬ್ಬೆಟ್ಟು ಒತ್ತಿ ಕಳ್ಸವ್ರೆ. ಯಾರೋ ಏನೋ, ಅವ್ರಿಗೆ ನನ್ನ ನಮಸ್ಕಾರ ಹೇಳು.

ಹೋದ ವಾರದ ಕಥೆ ಕೇಳು. ನಿಮ್ಮ ದೊಡ್ಡಪ್ಪ ಶೆಡ್ಡಿಗೇ ಬಂದ್ರು. ಬಿಳಿ ವೇಷ್ಟಿ, ಬಿಳಿ ಶರ್ಟು, ಓಟು ಕೇಳೋಕೆ ಬಂದಂಗೆ. ಮಗ್ಗ ಎಲ್ಲಾ ಓಡ್ತೈತೆ, ಬಾವ ಬಾಗ್ಲಲ್ಲಿ ನಿಂತು ಕೂಗ್ತಾವ್ರೆ. ಒಂದಕ್ಷರ ಕೇಳ್ಸಲ್ಲ. ಆದ್ರೆ ನಾವು ತುಟಿ ಓದೋರಲ್ವಾ. ತಮಿಳ್‌ಸೆಲ್ವಿ ಆ ಕಡೆ ಮಗ್ಗದಿಂದ ನಂಗೆ ಕೈ ಮಾಡಿ ಹೇಳ್ತಾವ್ಳೆ: ಈಗ ಮಾನ ಅಂದ್ರು, ಈಗ ಮರ್ಯಾದೆ ಅಂದ್ರು, ಈಗ ಸತ್ತ ತಮ್ಮನ ಹೆಸ್ರು ಎತ್ತಿದ್ರು. ನಾನು ತಲೆ ಆಡಿಸ್ಕೊಂಡು ಹರಿದ ನೂಲಿಗೆ ಗಂಟು ಹಾಕ್ತಾ ಇದೀನಿ.

ಅಷ್ಟೊತ್ತಿಗೆ ಕರೆಂಟ್ ಹೋಯ್ತು! ಮಗ್ಗ ಎಲ್ಲಾ ಒಂದೇ ಸಲ ಗಪ್. ಬಾವ ನಿಲ್ಲಿಸ್ಬೇಕಲ್ಲ, ಬಾಯಿ ವೇಗದಲ್ಲಿತ್ತು, “...ಈ ವಯಸ್ಸಲ್ಲಿ ನಿಂಗೆ ಗಂಡು ಬೇಕೇನೇ?” ಅನ್ನೋದು ಬೀದಿ ಕೊನೇವರ್ಗೂ ಕೇಳಿಸ್ತು. ಎದುರಿನ ಟೀ ಅಂಗ್ಡಿಯೋರು ಗ್ಲಾಸು ಹಿಡ್ಕೊಂಡು ಎದ್ದು ನಿಂತ್ರು.

ಈಗ ಎಲ್ರೂ ನನ್ನೇ ನೋಡ್ತಾವ್ರೆ. ನಾನಂದೆ, “ಬೇಕು ಬಾವ.”

ಅಷ್ಟೇ ಅಂದೆ. ಇಲ್ಲ ಅಂತೀನಿ, ಅಳ್ತೀನಿ ಅಂತ ಅಂದ್ಕೊಂಡು ಬಂದಿದ್ರು, ಪಾಪ.

“ಆ ದರಿದ್ರ ಬುಕ್ಕು ಓದಿ ಓದಿ ಕೆಟ್ಟೋದೆ ನೀನು” ಅಂದ್ರು.

“ಬಾವ, ಸಾಮಂದಿಪುರಂನಲ್ಲೂ ನಿಮ್ಮ ಥರದ ಒಬ್ರು ಅವ್ರೆ. ಬುಕ್ಕಿಗೊಂದ್ಸಲ ಮಧ್ಯದಲ್ಲಿ ಬಂದು ಕೂಗಾಡ್ತಾರೆ. ಕೊನೇ ಪುಟದಲ್ಲಿ ನೋಡಿದ್ರೆ ಮೊದಲ್ನೇ ಪಂಕ್ತೀಲಿ ಕೂತು ಎರಡ್ನೇ ಸಲ ಪಾಯಸ ಹಾಕ್ಸ್ಕೊಳ್ತಾ ಇರ್ತಾರೆ. ನಿಮ್ಮ ಎಲೇನೂ ಹಾಕ್ಸಿರ್ತೀನಿ, ಬನ್ನಿ.”

ಟೀ ಅಂಗ್ಡಿಯಿಂದ ಯಾರೋ ಶಿಳ್ಳೆ ಹೊಡೆದ್ರು. ಬಾವ ಹೋದ್ರು. ಹೋಗೋವಾಗ ಚಪ್ಪಲಿ ಅದಲು ಬದಲು ಹಾಕ್ಕೊಂಡು ಹೋದ್ರು, ಇನ್ನೂ ವಾಪಸ್ ಬಂದಿಲ್ಲ. ತಮಿಳ್‌ಸೆಲ್ವಿ ಚಪ್ಪಲಿ ಅದು.

ನಕ್ಕೆ ಕಣ್ಣು. ಆಮೇಲೆ ಮನೇಗೆ ಬಂದು ಅನ್ನ ಬಡಿಸ್ಕೊಂಡೆ, ತಿನ್ನೋಕಾಗ್ಲಿಲ್ಲ. ನಿಂಗೆ ಹೇಳ್ದೆ ಯಾರಿಗೆ ಹೇಳ್ಲಿ.

ಬುಕ್ಕು ಹಾಕೋರಿಂದ ಉತ್ರ ಬಂತು. ಮರ್ಯಾದೆಯಾಗೇ ಬರ್ದವ್ರೆ. ಮರಗದಂ ಕೋವಿಲ್ ಬಾಗ್ಲಲ್ಲಿ ಇದ್ರೇನೇ ಊರಿಗೆ ಚೆಂದ ಅಂತೆ, ವಯಸ್ಸಾದ ಹೆಂಗಸಿನ ಮದ್ವೇನ ಓದೋರು ಇಷ್ಟಪಡಲ್ಲ ಅಂತೆ. ಓದೋರು ಅಂದ್ರೆ ಯಾರಪ್ಪಾ? ನಾವೇ ತಾನೆ?

ಅದ್ನ ಎಲ್ರಿಗೂ ಓದಿ ಹೇಳಿ, ಮಡ್ಚಿ, ಅಲುಗಾಡ್ತಿದ್ದ ಮಗ್ಗದ ಕಾಲಿಗೆ ಕೊಟ್ಟೆ. ಈಗ ಮಗ್ಗ ನೆಟ್ಟಗೆ ನಿಂತೈತೆ. ಅವ್ರು ಬರೀದಿದ್ರೆ ಬೇಡ. ಆಡಿ ಮುಗ್ದು ಆವಣಿ ತಿಂಗ್ಳು ಹುಟ್ಲಿ, ಆಗಸ್ಟ್ 30ನೇ ತಾರೀಕು ಶುಕ್ರವಾರ ಇಲ್ಲೇ ನಮ್ಮ ಬೀದಿ ಮಾರಿಯಮ್ಮನ ಕೋವಿಲಲ್ಲಿ ತಾಳಿ. ಶೆಡ್ಡಿನೋರು ಅಷ್ಟೇ. ಸಾಂಬಾರು, ಎರಡು ಪಲ್ಯ, ಪಾಯಸ.

ನಿನ್ನ ಎಲೇನೂ ಹಾಕಿರ್ತದೆ.

ಅಮ್ಮ


ಕಾಂಗೇಯಂ
4-8-2024

ಅಮ್ಮ,

ಬಾಳು ಅಂತ ಗೊತ್ತಾಯ್ತು. ಆ ಕಾಗದ ತೆಗ್ದು ನೋಡಿದೆ. ಬಾಲ ಇಲ್ಲ. ಅವತ್ತು ಅಷ್ಟು ಬರೀಬಾರ್ದಿತ್ತು ನಾನು.

ಆದ್ರೂ ಬರೋಕಾಗಲ್ಲ. ಇವರು ಬೇಡ ಅಂತಾರೆ, ನನಗೂ ಅಲ್ಲಿ ನಿಂತು ನೋಡೋಕಾಗುತ್ತೋ ಇಲ್ವೋ ಗೊತ್ತಿಲ್ಲ. ನೀನು ನಗ್ತಾ ಎಲ್ಲಾ ಹೇಳ್ತೀಯ. ನಂಗೆ ನಗು ಬರಲ್ಲ ಅಮ್ಮ. ರಾತ್ರಿ ಮಲಗಿದ್ರೆ ಒಂದೇ ಯೋಚ್ನೆ. ಅಪ್ಪನ ಫೋಟೋ ಎಲ್ಲಿ ಇಡ್ತೀಯ?

ಅತ್ತೆ ಈ ವಿಷ್ಯದಲ್ಲಿ ಬಾಯೇ ಬಿಡಲ್ಲ. ಆದ್ರೆ ನಿನ್ನ ಪಾರ್ಸೆಲ್ ಬಂದ ದಿನ ಮಿಲ್ಲಿನ ಹಿಂದೆ ಕೊಬ್ರಿ ಒಣಗಿಸ್ತೀನಿ ಅಂತ ಹೋಗಿ, ಬಿಸಿಲು ಇಳಿದ್ರೂ ಬರಲ್ಲ. ಒಬ್ಬರೇ ನಗೋದು ಕೇಳ್ಸುತ್ತೆ.

ಧರಣಿ


ಸೋಮನೂರು
9-8-2024

ಧರಣಿ ಕಣ್ಣು,

ಫೋಟೋ ಎಲ್ಲಿತ್ತೋ ಅಲ್ಲೇ. ಟಿವಿ ಮೇಲೆ, ಗಡಿಯಾರದ ಪಕ್ಕ. ತೆಗೆದಿದ್ದು ಒಂದೇ ದಿನ, ಗೋಡೆಗೆ ಸುಣ್ಣ ಹೊಡೆಯೋಕೆ. ವಾಪಸ್ ಹಾಕೋಕೆ ಸೆಲ್ಲಪ್ಪನ್ ಹಳೇ ಮೊಳೆ ಕಿತ್ತು ಹೊಸ್ದು ಹೊಡೆದ್ರು, ಮಗ್ಗಕ್ಕೆ ಹಿಡಿಯೋ ಮಟ್ಟಗೋಲು ಹಿಡ್ದು ನೋಡಿದ್ರು. “ಇಷ್ಟು ವರ್ಷ ಸೊಟ್ಟಗಿದ್ರಂಗ ಅಣ್ಣ” ಅಂತ ನಿಮ್ಮಪ್ಪಂಗೇ ಹೇಳಿದ್ರು. ಈಗ ನೆಟ್ಟಗೆ ಅವ್ರೆ. ಅಣ್ಣ ಅನ್ನೋದು ನನ್ ಬಾಯಿಂದ ಹೋಗಿ ಆವಯ್ಯನ ಬಾಯಿಗೆ ಸೇರ್ತು ನೋಡು.

ನಾನು ನಗ್ತಾ ಹೇಳ್ತೀನಿ ಅಂದಿದೀಯ. ನಗ್ದೆ ಹೇಳೋಕೆ ಬರಲ್ಲ ಕಣ್ಣು. ಕಲೀಲಿಲ್ಲ.

ನಿನ್ ಗಂಡನ ಜೊತೆ ನನ್ನಿಂದ ಜಗಳ ಆಡ್ಬೇಡ. ಬಾ ಅಂತ ಇನ್ನೊಂದ್ಸಲ ಕೇಳಲ್ಲ. ಆದ್ರೆ ನೀನು ಬರ್ಲಿಲ್ಲ ಅಂತ ನಿಲ್ಲಿಸೋದೂ ಇಲ್ಲ. ಎರಡೂ ಹೇಳ್ಬಿಟ್ಟೆ, ಈಗ ಎದೆ ಹಗುರ.

ಅಮ್ಮ


ಸೋಮನೂರು
30-8-2024

ಧರಣಿ ಕಣ್ಣು,

ತಾಳಿ ಆಯ್ತು. ಕೋವಿಲ್ ಹಿಂದ್ಗಡೆ ಅಡುಗೆ ಪಾತ್ರೆ ಮಧ್ಯೆ ಕೂತು ಬರೀತಾ ಇದೀನಿ, ಮದ್ವೆ ಸೀರೆಗೆ ಸಾಂಬಾರು ತಾಗ್ದಂಗೆ. ಎಲೆ ಹಾಕೋವರ್ಗೂ ಹೊತ್ತೈತೆ. ಇವತ್ತಿಂದು ಇವತ್ತೇ ಬರೀಬೇಕು, ನಾಳೆ ಬರ್ದ್ರೆ ನಾನು ಸುಳ್ಳು ಸೇರ್ಸಿ ಬರೀತೀನಿ.

ನೀನು ಬರ್ಲಿಲ್ಲ. ಬೆಳಗಿಂದ ಒಂದೊಂದು ಬಸ್ಸು ನಿಂತಾಗ್ಲೂ ಕತ್ತು ಚಾಚಿ ನೋಡ್ದೆ. ತಮಿಳ್‌ಸೆಲ್ವಿ ಬೈದ್ಲು: “ಮದ್ವೆ ಹೆಣ್ಣು ಬಗ್ಗಿ ಕೂರ್ಬೇಕಕ್ಕಾ, ಕೊಕ್ಕರೆ ಥರ ಯಾಕೆ?”

ಕೊನೇಗೆ ಒಂದು ಬಸ್ಸು ಬಂದು ನಿಂತ್ಕೊಳ್ತು. ಸರವಣಕುಮಾರ್ ಎಣ್ಣೆ ಡಬ್ಬ ಇಳ್ಸಿದ. ಡಬ್ಬದ ಹಿಂದೆ ನಿನ್ನತ್ತೆ! ಜಾನಕಿಯಮ್ಮ! ಒಬ್ರೇ! ಮಂಡಿ ನೋವಿಗೆ ಎಣ್ಣೆ ಹಾಕ್ಸ್ಕೊಂಡು ಬರ್ತೀನಿ ಅಂತ ಮಗನಿಗೆ ಹೇಳಿ ಬಂದವ್ರಂತೆ. ಎಣ್ಣೆ ಮಿಲ್ಲಿಟ್ಟೋರ ಮನೆಯಿಂದ ಎಣ್ಣೆ ಹಾಕ್ಸ್ಕೊಳ್ಳೋಕೆ ಸೋಮನೂರಿಗೆ ಬರ್ತಾರಾ, ಧನಪಾಲ್ ಅದ್ನೂ ನಂಬವ್ನೆ. ಒಳ್ಳೆ ಹುಡುಗ.

ಇಳ್ದೋರೇ ನನ್ನ ಮೇಲಿಂದ ಕೆಳಗೆ ನೋಡಿ ಹೆಬ್ಬೆರಳು ಎತ್ತಿ ತೋರ್ಸಿದ್ರು. “ಬೀಗಿತ್ತಿ, ಇದೇ ಹೆಬ್ಬೆಟ್ಟು. ಈಗ ಹೇಳು, ಯಾಕೆ ಆ ಮರಗದಂಗೆ ಬುಕ್ಕು ಕೊಡ್ಲಿಲ್ಲ ಅವ್ರು?”

ನಾನು ಅಂದೆ, “ವಯಸ್ಸಾಯ್ತಂತೆ.”

“ಯಾರಿಗೆ, ಅವ್ಳಿಗಾ, ಬರೆಯೋನಿಗಾ?”

ಮಡ್ಲಲ್ಲಿ ಒದ್ದೆ ಬಟ್ಟೇಲಿ ಸುತ್ತಿ ಮಲ್ಲಿಗೆ ತಂದಿದ್ರು. ಬಸ್ಸಲ್ಲಿ ಬರ್ತಾ ಕಟ್ಟಿದ್ದಂತೆ. ಕಾಂಗೇಯಂ ಬಿಟ್ಟಾಗ ಶುರು, ಪಲ್ಲಡಂ ದಾಟೋವಾಗ ಒಂದು ಮೊಳ. ಅದ್ನ ತಂದು ನನ್ ತಲೇಲಿ ಮುಡ್ಸೋಕೆ ಕೈ ಎತ್ತಿದ್ರು. ಆವಾಗ, ಯಾರು ಅಂತ ನೀನೇ ಹೇಳು? ಹೂಂ. ನಿಮ್ಮ ದೊಡ್ಡಪ್ಪ. ಬಂದಿದ್ರು! ಚಪ್ಪಲಿ ವಾಪಸ್ ಕೊಡೋಕೆ ಬಂದೆ ಅಂದ್ರು, ಮೊದಲ್ನೇ ಪಂಕ್ತಿ ಜಾಗದಲ್ಲಿ ಟವೆಲ್ ಹಾಸಿ ಕೂತಿದ್ರು. ಅಲ್ಲಿಂದ್ಲೇ, “ಗಂಡ ಇಲ್ದೋರು ಮದ್ವೆ ಹೆಣ್ಣಿಗೆ ಹೂ ಮುಡ್ಸ್ಬಾರ್ದು” ಅಂದ್ರು.

ನಿನ್ನತ್ತೆ ತಿರುಗಿ ನೋಡಿದ್ರು. ಕೋಪ ಇಲ್ಲ, ಏನಿಲ್ಲ. “ನಿಮ್ಮ ತಲೇಗೆ ಹಚ್ಚಿರೋದು ನಮ್ಮ ಮಿಲ್ಲಿನ ಎಣ್ಣೆ. ವಾಸ್ನೆ ಇಲ್ಲಿಗೇ ಬರ್ತೈತೆ. ನನ್ನವ್ರು ಹೋದ್ಮೇಲೆ ಅದನ್ನ ಆಡಿಸ್ತಾ ಇರೋದು ಈ ಕೈ. ತೊಳ್ಕೊಂಡು ಬರ್ತೀರಾ?”

ಬಾವ ಟವೆಲ್ ನೇರ ಮಾಡ್ಕೊಂಡು ಕೂತ್ರು. ಎದ್ದೂ ಹೋಗ್ಲಿಲ್ಲ. ಪಾಯಸದ ವಾಸ್ನೆ ಹಂಗಿತ್ತು.

ಮುಡ್ಸಿದ್ರು ಕಣ್ಣು. ಮುಡ್ಸಿ, ಉಳಿದ ತುಂಡಿತ್ತಲ್ಲ, ಅದ್ನ ನಾನು ಕಿತ್ಕೊಂಡು ಅವ್ರ ತಲೇಗೆ ಸಿಗಿಸ್ಬಿಟ್ಟೆ. “ಏಯ್, ಏಯ್” ಅಂದ್ರು. ತೆಗೀಲಿಲ್ಲ. ಇನ್ನೂ ಐತೆ, ಇಲ್ಲಿಂದ ಕಾಣ್ತೈತೆ. ನಿನ್ ಗಂಡಂಗೆ ಹೇಳ್ಬೇಡ. ಹೇಳಿದ್ರೂ ಹೇಳು.

ತಾಳಿ ಕಟ್ಟಿ ಆದ್ಮೇಲೆ ನೀನು ಕೊಟ್ಟ ಚೀಟಿ ತೆಗ್ದ್ರು. “ನಿನ್ ಮಗ್ಳು ಕೊಟ್ಲು. ಬಸ್ ಹತ್ತೋವಾಗ ಓಡಿ ಬಂದು ಕೊಟ್ಲು. ನಾನು ಓದಿದೆ, ಮನಸ್ಸಿಗೆ ಸರಿ ಹೋಗ್ಲಿಲ್ಲ, ತಾಳಿ ಆಗ್ಲಿ ಅಂತ ಇಟ್ಕೊಂಡಿದ್ದೆ” ಅಂದ್ರು. ಅವ್ರ ಮುಖ ಸಣ್ಣಗಾಗಿತ್ತು.

ಎರಡೇ ಮಾತು ಬರ್ದಿದೀಯ. ಅಮ್ಮಾ. ಆಮೇಲೆ ಅದು.

ಬೀಗಿತ್ತಿ ಅದ್ನ ಪಾಳು ಅಂತ ಓದಿದ್ರು. ತಮಿಳ್‌ಸೆಲ್ವಿ ಇಸ್ಕೊಂಡ್ಲು, ಅವ್ಳೂ ಪಾಳು ಅಂತ್ಲೇ ಓದಿ, “ಹೋಗ್ಲಿ ಬಿಡಕ್ಕಾ, ಚಿಕ್ಕ ಹುಡುಗಿ” ಅಂತ ನನ್ ಬೆನ್ನು ಸವರಿದ್ಲು. ಸೆಲ್ಲಪ್ಪನ್‌ಗೆ ಓದೋಕೆ ಬರಲ್ಲ, ಚೀಟಿ ನೋಡ್ದೆ ನನ್ ಮುಖಾನೇ ನೋಡ್ತಾ ನಿಂತ್ರು. ಎಲ್ರೂ ಸಾವಿನ ಮನೇಲಿ ನಿಂತಂಗೆ.

ನಾನು ಚೀಟಿ ಕೈಗೆ ತಗೊಂಡೆ. ಬಿಸಿಲಿಗೆ ಹಿಡ್ದೆ. ತಿರುಗ್ಸಿ ನೋಡ್ದೆ. ಮಡಿಕೇಲಿ ಹರಿದೋಗೈತಾ, ಎಣ್ಣೆ ಕೈ ತಾಗಿ ಅಳಿಸೋಗೈತಾ ಅಂತ ಬೆರಳು ಇಟ್ಟು ಸವರಿ ನೋಡ್ದೆ.

ಬಾಲ ಇಲ್ಲ!

ನಾನು ಹಾಕ್ಲಿಲ್ಲ ಅಂದ್ರೆ ನಂಗೆ ಬರಲ್ಲ ಅಂತ. ನೀನು ಬಿ.ಕಾಂ ಓದಿದೋಳು. ಹಾಳಾಗು ಅನ್ನೋ ಹಂಗಿದ್ರೆ ನೀನು ಬಾಲ ಬಿಡ್ತಿದ್ದೆ, ಅದೂ ಕಾಂಗೇಯಂ ಎತ್ತಿನ ಬಾಲ ಥರ ಉದ್ದಕ್ಕೆ. ಬಿಟ್ಟಿಲ್ಲ. ಬಾಳು ಅಂತ ಬರ್ದಿದೀಯ ನನ್ ಕಂದ. ಅಮ್ಮಾ ಬಾಳು ಅಂತ ಬರ್ದಿದೀಯ.

“ಬಾಳು ಅಂತ ಐತೆ! ಬಾಲ ಇಲ್ಲ!” ಅಂತ ಕೂಗ್ಬಿಟ್ಟೆ. ಮಗ್ಗದ ಸದ್ದಲ್ಲಿ ಕೂಗಿ ಅಭ್ಯಾಸ ಅಲ್ವಾ, ಪೂಜಾರಿ ಗಂಟೆ ಕೈಬಿಟ್ರು. ಹೊರಗಿನೋರಿಗೆ ಏನೂ ಅರ್ಥ ಆಗ್ಲಿಲ್ಲ, ಮದ್ವೆ ಹೆಣ್ಣು ಯಾಕೆ ಬಾಲ ಇಲ್ಲ ಬಾಲ ಇಲ್ಲ ಅಂತ ಕುಣೀತಾವ್ಳೆ ಅಂತ. ಸೆಲ್ಲಪ್ಪನ್ ಮೆಲ್ಲಗೆ, “ನಂಗಾಂಗ ಹೇಳ್ತಿರೋದು?” ಅಂದ್ರು. ನಾನು ನಕ್ಕು ನಕ್ಕು ಅತ್ಬಿಟ್ಟೆ. ಇವತ್ತು ನಗದೆಯೂ ಸ್ವಲ್ಪ ಅತ್ಕೊಂಡೆ, ನೀನು ನೋಡ್ಬೇಕಿತ್ತು.

ನೀನು ಬಂದಿಲ್ಲ, ಅದು ಅದೇ. ನಂಗೆ ನೋವಿಲ್ಲ ಅಂತ ಬರೆಯಲ್ಲ. ಆದ್ರೆ ಈ ಚೀಟಿ ನಿಮ್ಮಪ್ಪನ ಫೋಟೋ ಗಾಜಿನ ಸಂದೀಲಿ ಸಿಗ್ಸ್ತೀನಿ. ಅವ್ರು ಬೇಕಾದ್ರೆ ತಪ್ಪಾಗೇ ಓದ್ಕೊಳ್ಲಿ, ಓಹೋ ಹಂಗಾ ಅನ್ಲಿ.

ಅಗೋ, ಎಲೆ ಹಾಕಿದ್ರು. ನಿನ್ನ ಎಲೇನೂ ಹಾಕ್ಸಿದೀನಿ, ಬಾವನ ಪಕ್ಕ. ಯಾರೂ ಕೂರ್ಬಾರ್ದು ಅಂತ ನಿನ್ನತ್ತೆ ಅದ್ರ ಮೇಲೆ ಎಣ್ಣೆ ಡಬ್ಬ ಇಟ್ಟವ್ರೆ. ಇನ್ನೂ ಬರೀಬೇಕು ಅಂತ

“ಬೀಗಿತ್ತೀ! ನಿನ್ ಮದ್ವೇಲಿ ನೀನೇ ಕಡೇ ಪಂಕ್ತಿಗಾ? ಅನ್ನ ಆರ್ತೈತೆ, ಎದ್ದು ಬಾರೇ!”

ಕೂಗ್ತಾವ್ರೆ. ಹೋಗ್ತೀನಿ ಕಣ್ಣು. ನೀನೂ ಬಾಳು.

ಅಮ್ಮ